ಹಿರೇತನ ಎಲ್ಲಿಂದ ಬರುತ್ತದೆ?

ಹುಬ್ಬಳ್ಳಿಯ ತಾರಿಹಾಳದಲ್ಲಿ ಪಾಲಕರ ಸಭೆ ಇಡಬೇಕೆಂದರೆ ಮೊದಲು ಪಾಳಿ ಬಿಡುವ ಹೊತ್ತು ನೋಡಬೇಕು. ಕೈಗಾರಿಕಾ ಪ್ರದೇಶದ ಶೆಡ್ಡುಗಳಿಂದ ನೆಟ್ಟಗೆ ಶಾಲೆಗೆ ಬರುವ ಅಪ್ಪಂದಿರು ಕೈಗೆ ಹತ್ತಿದ ಎಣ್ಣೆಯನ್ನು ಪ್ಯಾಂಟಿಗೆ ಒರೆಸಿಕೊಂಡು ಪ್ರಗತಿ ಪತ್ರಕ್ಕೆ ಸಹಿ ಹಾಕುತ್ತಾರೆ. ಆಮೇಲೆ ಒಬ್ಬರು, "ನಮ್ಮ ಮಾತು ಕೇಳೂದs ಇಲ್ರಿ ಸರ್, ನೀವs ಎರಡು ಬಿಗೀರಿ" ಅನ್ನುತ್ತಾರೆ. ಇನ್ನೊಬ್ಬರು, "ಮೊಬೈಲ್ ಕೊಟ್ರ ಓದತೇನಿ ಅಂತಾನ್ರಿ, ಏನ್ ಮಾಡೂದು?" ಅನ್ನುತ್ತಾರೆ. ಒಂದು ಕಡೆ ಹೊಡೆತ, ಇನ್ನೊಂದು ಕಡೆ ಚೌಕಾಸಿ. ಎರಡೂ ಒಂದೇ ಕಷ್ಟದಿಂದ ಹುಟ್ಟಿದ ಮಾತು: ಮಕ್ಕಳ ಮುಂದೆ ಹಿರಿಯರ ಹಿರೇತನ ನಡೆಯುತ್ತಿಲ್ಲ.

ಹೊಡೆತವನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ನಿಷೇಧಿಸಿದೆ. ಹೊಡೆಯಬಾರದು ಎನ್ನಲು ಅದಕ್ಕಿಂತ ಆಳದ ಕಾರಣವೊಂದನ್ನು ಹನ್ನಾ ಅರೆಂಟ್ ಕೊಡುತ್ತಾರೆ. ಜರ್ಮನಿಯಲ್ಲಿ ಹುಟ್ಟಿದ ಈ ಯಹೂದಿ ಚಿಂತಕಿ, ಹಿಟ್ಲರ್ ಅಧಿಕಾರಕ್ಕೆ ಬಂದ 1933ರಲ್ಲಿ ದೇಶ ಬಿಟ್ಟು, 1941ರಲ್ಲಿ ಅಮೆರಿಕ ಸೇರಿದವರು. ಶಿಕ್ಷಣದ ಬಿಕ್ಕಟ್ಟಿನ ಬಗ್ಗೆ 1958ರಲ್ಲಿ ಒಂದು ಪ್ರಬಂಧ ಬರೆದರು. ಬಲ ಬಳಸಬೇಕಾಗಿ ಬಂದರೆ ಹಿರೇತನ ಆಗಲೇ ಸೋತಿದೆ ಎಂಬುದು ಅವರ ವಿಚಾರ. ವಾದ ಮಾಡಿ ಒಪ್ಪಿಸಲು ಕೂತರೆ ಇಬ್ಬರೂ ಸರಿಸಮಾನರಾಗುತ್ತಾರೆ, ಅಲ್ಲಿಯೂ ಹಿರೇತನಕ್ಕೆ ಜಾಗವಿಲ್ಲ. ಹಾಗಿದ್ದರೆ ಅದು ನಿಂತಿರುವುದು ಯಾವುದರ ಮೇಲೆ?

ಹೊಣೆಯ ಮೇಲೆ ಅನ್ನುತ್ತಾರೆ ಅರೆಂಟ್. ಪ್ರತಿ ಮಗುವೂ ಈ ಜಗತ್ತಿಗೆ ಹೊಸದಾಗಿ ಬಂದದ್ದು. ಜಗತ್ತು ಮಾತ್ರ ಅದಕ್ಕಿಂತ ಬಹಳ ಹಳೆಯದು. ಇವೆರಡರ ನಡುವೆ ನಿಂತ ಹಿರಿಯ, "ಇದು ನಮ್ಮ ಜಗತ್ತು, ಇದಕ್ಕೆ ನಾನು ಜವಾಬುದಾರ" ಎಂದು ಮಗುವಿಗೆ ತೋರಿಸಿಕೊಡಬೇಕು. ಜಗತ್ತನ್ನು ಅವನು ಕಟ್ಟಿಲ್ಲದಿರಬಹುದು, ಅದು ಬೇರೆ ಥರ ಇರಬೇಕಿತ್ತು ಎಂದು ಅವನಿಗೇ ಅನ್ನಿಸಬಹುದು. ಆದರೂ ಹೊಣೆ ಅವನದೇ. ವಿಷಯ ಬಲ್ಲವನಾಗಿರುವುದು ಶಿಕ್ಷಕನ ಅರ್ಹತೆ. ಹಿರೇತನ ಬರುವುದು ಈ ಹೊಣೆಯಿಂದ. ಬಿ.ಎಡ್. ಪದವಿ ಮೊದಲನೆಯದಕ್ಕೆ ನೆರವಾಗಬಹುದು, ಎರಡನೆಯದನ್ನು ಯಾವ ಪದವಿಯೂ ಕೊಡಲಾರದು.

ಹುಬ್ಬಳ್ಳಿಯ ವಾಲ್ವ್ ಕಾರ್ಖಾನೆಗಳಲ್ಲಿ ದುಡಿಯುವ ಪಾಲಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಯಾರಾದ ವಾಲ್ವಿಗೆ ನೀರು ತುಂಬಿ ಒತ್ತಡ ಏರಿಸಿ, ಎಲ್ಲಾದರೂ ಜಿನುಗುತ್ತದೆಯೇ ಎಂದು ನೋಡುತ್ತಾರೆ. ಹೊಸದಾಗಿ ಸೇರಿದ ಹುಡುಗ ಒತ್ತಡ ಮಾಪಕದ ಮುಳ್ಳಿನ ಮೇಲೆ ಕಣ್ಣಿಟ್ಟು ನಿಂತಿರುತ್ತಾನೆ. ಹಿಂದೆ ನಿಂತ ಮಿಸ್ತ್ರಿ "ನಿಲ್ಲಸು" ಅಂದರೆ ನಿಲ್ಲಿಸುತ್ತಾನೆ. ಹೆದರಿಕೆಗಲ್ಲ, ಮಿಸ್ತ್ರಿ ವಾದ ಮಾಡಿ ಗೆದ್ದ ಅಂತಲೂ ಅಲ್ಲ. ವಾಲ್ವ್ ಸೋರಿದರೆ ಮಾಲಕನ ಮುಂದೆ ನಿಂತು ಉತ್ತರ ಕೊಡುವವನು ಆ ಮಿಸ್ತ್ರಿ ಎಂದು ಹುಡುಗನಿಗೆ ಗೊತ್ತಿರುತ್ತದೆ.

ನಾವು ಶಾಲೆ ನಡೆಸುವವರು ಹಿರೇತನ ಕಳೆದುಕೊಳ್ಳುವುದು ಹೀಗೆ ಉತ್ತರ ಕೊಡಲು ಹಿಂಜರಿದಾಗಲೇ. ಮುಖ್ಯಾಧ್ಯಾಪಕರು ಶಿಕ್ಷಕರ ಸಭೆಯಲ್ಲಿ, "ನನ್ನ ಕೈಯಾಗ ಏನೈತ್ರಿ, ಮ್ಯಾಲಿಂದ ಆದೇಶ ಬಂದೈತಿ" ಅಂದರೆ ಕುರ್ಚಿ ಅವರ ಬಳಿ ಉಳಿಯುತ್ತದೆ, ಹಿರೇತನ ಹೋಗುತ್ತದೆ. ಆದೇಶ ಒಪ್ಪಿಗೆಯಾಗದಿದ್ದರೆ ಹಾಗೆಂದು ಬರೆದು ಕಳಿಸಬಹುದು. ಜಾರಿಗೆ ತಂದ ಮೇಲೆ ಅದು ತನ್ನ ನಿರ್ಧಾರ. ತರಗತಿಯಲ್ಲಿ ಶಿಕ್ಷಕ, "ಈ ಪಾಠ ಪರೀಕ್ಷೆಗೆ ಬರಂಗಿಲ್ಲ, ಬಿಡ್ರಿ" ಅಂದಾಗಲೂ ಜಗತ್ತಿನ ಒಂದು ತುಂಡನ್ನು ತನ್ನದಲ್ಲ ಎಂದು ಕೈಬಿಟ್ಟಂತೆ. ಮನೆಯಲ್ಲಿ ಊಟದ ಹೊತ್ತಿಗೆ ಊರು ಕೆಟ್ಟಿತು, ದೇಶ ಕೆಟ್ಟಿತು ಎಂದು ದಿನಾ ಹಳಿಯುವ ಅಪ್ಪ, ಬೆಳಗ್ಗೆ ಎದ್ದು "ಓದು" ಅಂದರೆ ಮಗ ಯಾಕೆ ಓದಬೇಕು? ಹಳಿಯಬಾರದು ಎಂದಲ್ಲ. ಕೆಟ್ಟದ್ದನ್ನು ಕೆಟ್ಟದ್ದೆಂದು ತೋರಿಸಿ, ಅದನ್ನು ಸರಿಪಡಿಸಲು ತಾನು ಏನು ಮಾಡುತ್ತಿದ್ದೇನೆ ಎನ್ನುವುದನ್ನೂ ತೋರಿಸಬೇಕು. ನನಗೆ ಅರೆಂಟ್ ಅವರ ವಿಚಾರದಲ್ಲಿ ಅತಿ ಕಠಿಣವೆನಿಸುವ ಭಾಗ ಇದು: ಜಗತ್ತಿನ ಹೊಣೆ ಹೊರಲು ಮನಸ್ಸಿಲ್ಲದವರು ಮಕ್ಕಳನ್ನು ಬೆಳೆಸುವ ಕೆಲಸಕ್ಕೆ ಬರಲೇಬಾರದು ಎನ್ನುತ್ತಾರೆ ಅವರು.

ಹೊಣೆ ಹೊರುವುದೆಂದರೆ ಇದ್ದದ್ದನ್ನೆಲ್ಲ ಸಮರ್ಥಿಸುವುದೇ ಎಂದು ಕೇಳಬಹುದು. ಅಲ್ಲ ಎನ್ನಲು ಧಾರವಾಡದಲ್ಲೇ ಸಾಕ್ಷಿಯಿದೆ. ಮುಂಬಯಿ ಪ್ರಾಂತ್ಯದ ಕಾಲದಲ್ಲಿ ಇಲ್ಲಿನ ಕನ್ನಡದ ಮಕ್ಕಳು ಶಾಲೆಯಲ್ಲಿ ಮರಾಠಿ ಕಲಿಯಬೇಕಾಗಿತ್ತು. 1881ರಲ್ಲಿ ತೀರಿಕೊಂಡ ಡೆಪ್ಯುಟಿ ಚನ್ನಬಸಪ್ಪನವರು ಅದೇ ಸರಕಾರದ ಶಿಕ್ಷಣ ಇಲಾಖೆಯ ಅಧಿಕಾರಿ. ವ್ಯವಸ್ಥೆ ಹೀಗಿದೆ ಎಂದು ಸುಮ್ಮನಿದ್ದಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವರು ಕುರ್ಚಿಯನ್ನು ಬಿಡದೆ, ಆ ಕುರ್ಚಿಯಲ್ಲಿ ಕೂತೇ ಕನ್ನಡ ಶಾಲೆಗಳಿಗಾಗಿ ದುಡಿದರು. ಇಂದಿಗೂ ಅವರ ಹೆಸರಿನ ಮುಂದೆ ಆ ಹುದ್ದೆ ಅಂಟಿಕೊಂಡಿದೆ.

ಹೊಣೆಗೆ ಇನ್ನೊಂದು ಮಗ್ಗುಲೂ ಇದೆ. ಮಗುವಿನ ಹೊಸತನವನ್ನು ಕಾಯುವುದೂ ಹಿರಿಯರ ಕೆಲಸ. ಮಗು ಮುಂದೆ ಏನಾಗಬೇಕೆಂದು ನಾವೇ ಮೊದಲು ಗೊತ್ತುಮಾಡಿಟ್ಟರೆ ಹೊಸತನ ಅಲ್ಲಿಗೇ ಮುಗಿಯಿತು. ಇದಕ್ಕೊಂದು ಉದಾಹರಣೆ, ಹಿಂದೂಸ್ತಾನಿ ಗಾಯಕ ಭೀಮಸೇನ ಜೋಶಿಯವರ ತಂದೆ, ಗದಗಿನ ಗುರುರಾಜ ಜೋಶಿಯವರು. ಅವರು ಶಾಲಾ ಮಾಸ್ತರರು. 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಅವರ ಮಗ ಭೀಮಸೇನ ಗುರುವನ್ನು ಹುಡುಕುತ್ತ ಮನೆ ಬಿಟ್ಟು ಹೋದರು. ತಂದೆ ಜಾಲಂಧರದವರೆಗೆ ಹೋಗಿ ಪತ್ತೆಹಚ್ಚಿ ಕರೆತಂದರು. ಕರೆತಂದದ್ದು ಹೊಣೆ, ಸಂಗೀತದ ದಾರಿ ಮುಚ್ಚದೆ ಬಿಟ್ಟದ್ದೂ ಹೊಣೆಯೇ. 1936ರಲ್ಲಿ ಹುಬ್ಬಳ್ಳಿ ಪಕ್ಕದ ಕುಂದಗೋಳದಲ್ಲಿ ಗಾಯಕ ಸವಾಯಿ ಗಂಧರ್ವರು ಭೀಮಸೇನರನ್ನು ಶಿಷ್ಯನಾಗಿ ಸ್ವೀಕರಿಸಿದರು. ಗುರುಮನೆಯಲ್ಲಿ ನೀರು ಹೊತ್ತು, ಕಿರಾಣಾ ಘರಾಣೆಯ ಗಾಯನ ಶೈಲಿ ಕಲಿತ ಭೀಮಸೇನರು ಮುಂದೆ ಬೇರೆ ಘರಾಣೆಗಳಿಂದಲೂ ತಮಗೆ ಬೇಕಾದ್ದನ್ನು ತಂದುಕೊಂಡರು. ಅವರ ಹಾಡಿಕೆ ಗುರುವಿನ ನಕಲಾಗಲಿಲ್ಲ. 1952ರಲ್ಲಿ ಗುರು ತೀರಿಕೊಂಡರು. ಮರುವರ್ಷ ಪುಣೆಯಲ್ಲಿ ಅವರ ಹೆಸರಿನ ಸಂಗೀತೋತ್ಸವ ಶುರುವಾಯಿತು, ಮುಂದೆ ದಶಕಗಳ ಕಾಲ ಅದರ ಭಾರ ಹೊತ್ತವರು ಭೀಮಸೇನರೇ.