ಮೊದಲ ಆಶೀರ್ವಾದ ಮೀನಿಗೆ



ಬೈಬಲ್ಲಿನಲ್ಲಿ ದೇವರು ಮೊಟ್ಟಮೊದಲು ಆಶೀರ್ವದಿಸಿದ್ದು ಯಾರನ್ನು? ಧರ್ಮೋಪದೇಶದ ತರಗತಿಯಲ್ಲಿ ಕೇಳಿದರೆ ಮಕ್ಕಳು ಆದಾಮ ಮತ್ತು ಹವ್ವಳ ಹೆಸರು ಹೇಳುತ್ತಾರೆ. ದೊಡ್ಡವರ ಉತ್ತರವೂ ಹೆಚ್ಚಾಗಿ ಅದೇ. ಆದಿಕಾಂಡದ ಮೊದಲ ಅಧ್ಯಾಯವನ್ನು ನಿಧಾನವಾಗಿ ಓದಿ ನೋಡಿ. ಐದನೆಯ ದಿನ ಜಲಚರಗಳನ್ನೂ ಹಕ್ಕಿಗಳನ್ನೂ ಸೃಷ್ಟಿಸಿದ ದೇವರು ಅವುಗಳನ್ನು ಹರಸುತ್ತಾರೆ. ಸಂತಾನ ಬೆಳೆಸಿಕೊಂಡು ನೀರನ್ನೆಲ್ಲ ತುಂಬಿಕೊಳ್ಳಲು ಅಪ್ಪಣೆ ಕೊಡುತ್ತಾರೆ (ಆದಿ 1:22). ಮನುಷ್ಯನಿಗೆ ಆಶೀರ್ವಾದ ಸಿಕ್ಕಿದ್ದು ಮರುದಿನ. ಮೀನಿನ ಮೇಲೆ ಅಧಿಕಾರ ಸಿಕ್ಕಿದ್ದೂ ಆಗಲೇ.

ಹಾಗೆಂದು ಮೀನು ಹಿಡಿಯುವುದು ಪಾಪವಲ್ಲ. ಪೇತ್ರ, ಅಂದ್ರೆಯ, ಯಕೋಬ, ಯೊವಾನ್ನ ಎಲ್ಲರೂ ಬೆಸ್ತರೇ. ಪುನರುತ್ಥಾನರಾದ ಪ್ರಭು ಕೆಂಡದ ಮೇಲೆ ಮೀನಿಟ್ಟು ಶಿಷ್ಯರನ್ನು ಊಟಕ್ಕೆ ಕರೆದರು. ಆದರೆ ನಮಗೆ ಅಧಿಕಾರ ಬರುವ ಮೊದಲೇ ಮೀನಿಗೆ ದೇವರ ಮಾತು ಸಿಕ್ಕಿತ್ತು. ಆ ಮಾತು ಸುಳ್ಳಾಗುವಷ್ಟು ಹಿಡಿಯುವ ಹಕ್ಕು ನಮಗಿಲ್ಲ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಜನರಾದ ನಮಗೆ ಸಮುದ್ರವಿಲ್ಲ, ವರ್ಷವಿಡೀ ಹರಿಯುವ ಹೊಳೆಯೂ ಇಲ್ಲ. ನಮಗಿರುವುದು ಹಿರಿಯರು ಕಟ್ಟಿಟ್ಟ ಕೆರೆಗಳು. ಆ ಕೆರೆಗಳಲ್ಲಿ ಕೊರಮೀನು ಎಂಬುದೊಂದು ಜಾತಿ ಇದೆ. ಅದು ಗಾಳಿಯನ್ನೂ ಉಸಿರಾಡಬಲ್ಲದು. ಕೆರೆ ಬತ್ತುತ್ತಾ ಬಂದರೆ ಒದ್ದೆ ಕೆಸರಿನಲ್ಲಿ ಹುದುಗಿ ಮಳೆಗಾಗಿ ಕಾಯುತ್ತದೆ. ಬರಗಾಲದ ಈ ಸೀಮೆಗೆಂದೇ ದೇವರು ಮಾಡಿದಂತಿದೆ ಅದು. ದಂಡೆಯ ಜೊಂಡಿನ ನಡುವೆ ಮೊಟ್ಟೆ ಇಟ್ಟ ಮೇಲೆ ತಾಯ್ತಂದೆ ಎರಡೂ ಕಾವಲು ನಿಲ್ಲುತ್ತವೆ. ಕೆಂಪು ಛಾಯೆಯ ಮರಿಗಳು ನೂರಾರು ಸಂಖ್ಯೆಯಲ್ಲಿ ಒಂದೇ ಉಂಡೆಯಾಗಿ ನೀರಿನ ಮೇಲೆ ತೇಲುವಾಗ ಕೆಳಗೆ ಹೆತ್ತವು ಇದ್ದೇ ಇರುತ್ತವೆ. ಇದನ್ನು ಬಲ್ಲವರು ಅದೇ ಗುರುತು ಹಿಡಿದು ಗಾಳ ಹಾಕುತ್ತಾರೆ. ಹೆತ್ತವರು ಸಿಕ್ಕಿದರು, ಮರಿಗಳು ಬೇರೆ ಮೀನಿಗೂ ಕೊಕ್ಕರೆಗೂ ತುತ್ತಾದವು. ಒಂದು ಹೊತ್ತಿನ ಸಾರಿಗೆ ಒಂದು ಸಂಸಾರವೇ ಹೋಯಿತು.

ಧರ್ಮೋಪದೇಶಕಾಂಡದಲ್ಲಿ ಒಂದು ಚಿಕ್ಕ ಕಟ್ಟಳೆ ಇದೆ (22:6-7). ದಾರಿಯಲ್ಲಿ ಹಕ್ಕಿಯ ಗೂಡು ಕಂಡರೆ ಮರಿಗಳನ್ನು ತೆಗೆದುಕೊಳ್ಳಬಹುದು, ತಾಯಿಯನ್ನು ಮಾತ್ರ ಹಾರಿಹೋಗಲು ಬಿಡಬೇಕು. ಹಾಗೆ ನಡೆದವನಿಗೆ ಒಳ್ಳೆಯದಾಗುವುದು, ಅವನು ಬಹುಕಾಲ ಬಾಳುವನು ಎಂಬ ಭರವಸೆಯೂ ಅಲ್ಲಿದೆ. ತಂದೆತಾಯಿಯನ್ನು ಗೌರವಿಸುವವನಿಗೆ ಕೊಟ್ಟ ಭರವಸೆಯೇ ಇದು! ತಿನ್ನು, ಆದರೆ ಬೀಜ ಉಳಿಸು ಎಂಬುದು ಈ ಕಟ್ಟಳೆಯ ಸಾರ. ಗೂಡಿಗೆ ಹೇಳಿದ್ದು ಕೆರೆಗೂ ಸಲ್ಲುತ್ತದೆ.

ಬೀಜ ಹೇಗೆ ಹಾಳಾಗುತ್ತಿದೆ ಎಂಬುದು ನಮಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಮುಂಗಾರಿನ ಮೊದಲ ನೀರಿಗೆ ಮೊಟ್ಟೆ ತುಂಬಿದ ಮೀನು ಕಾಲುವೆ ಏರುವಾಗಲೇ ಅಡ್ಡಗಟ್ಟಿ ಹಿಡಿಯುತ್ತೇವೆ. ಸೊಳ್ಳೆಪರದೆಯಂಥ ಬಲೆ ಎಳೆದು ಬೆರಳುದ್ದದ ಮರಿಯನ್ನೂ ಬಿಡುವುದಿಲ್ಲ. ಕೆಲವರು ತೋಟೆ ಸಿಡಿಸುತ್ತಾರೆ, ವಿಷ ಕಲಸುತ್ತಾರೆ. ಈ ಎರಡನ್ನೂ 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯೇ ಅಪರಾಧವೆಂದು ಸಾರಿತ್ತು. ಕೆರೆಯಂಗಳದ ಮಣ್ಣನ್ನು ಅಳತೆ ಮೀರಿ ಅಗೆದು ಇಟ್ಟಿಗೆ ಗೂಡಿಗೆ ಸಾಗಿಸಿದರೆ ಕೊರಮೀನು ಹುದುಗುವ ಕೆಸರೂ ಉಳಿಯದು. ಹಣದಾಸೆಗೆ ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವವರಿದ್ದಾರೆ. ಕೇಂದ್ರ ಸರ್ಕಾರ 2000ದಲ್ಲೇ ಅದನ್ನು ನಿಷೇಧಿಸಿದೆ. ಹೊಂಡದಿಂದ ತಪ್ಪಿಸಿಕೊಂಡು ಕೆರೆ ಸೇರಿದರೆ ಅದು ನಾಟಿ ಮೀನುಗಳನ್ನು ನುಂಗಿಹಾಕುತ್ತದೆ.

ಕಾಟ್ಲಾ, ರೋಹು ಇವೆಯಲ್ಲ ಎನ್ನಬಹುದು. ಅವು ಹರಿಯುವ ಹೊಳೆಯ ಮೀನುಗಳು; ನಿಂತ ಕೆರೆಯಲ್ಲಿ ಮರಿ ಮಾಡುವುದಿಲ್ಲ. 1957ರಲ್ಲಿ ಕಟಕ್‌ನಲ್ಲಿ ಹೀರಾಲಾಲ್ ಚೌಧುರಿ ಎಂಬ ವಿಜ್ಞಾನಿ ಚುಚ್ಚುಮದ್ದಿನಿಂದ ಇಂಥ ಮೀನುಗಳಿಗೆ ಮೊಟ್ಟೆ ಇಡಿಸುವ ವಿಧಾನ ತೋರಿಸಿಕೊಟ್ಟರು. ಅಂದಿನಿಂದ ಮರಿ ತಂದು ಕೆರೆಗೆ ಬಿತ್ತುವುದು ಸುಲಭವಾಯಿತು. ಬಿತ್ತಿದರೆ ಬೆಳೆ, ಇಲ್ಲದಿದ್ದರೆ ಇಲ್ಲ. ಬಿತ್ತಿದ ಮರಿ ಬಲಿಯಲು ಹಲವು ತಿಂಗಳು ಬೇಕು. ಮೂರನೇ ತಿಂಗಳಿಗೇ ಬಲೆ ಬೀಸುವವನು ಹಸಿರು ರಾಗಿಯನ್ನು ಕೊಯ್ಯುವ ರೈತನಂತೆ.

2018ರ ಜೂನ್‌ನಲ್ಲಿ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು; ಅಲ್ಲಿಂದ ಕೆರೆಯಿಂದ ಕೆರೆಗೆ ಹರಿಯಿತು. ಆ ನೀರಿನ ಗುಣದ ಬಗ್ಗೆ ವಾದವಿದೆ, ಅದರ ಮೇಲೆ ಕಣ್ಣಿಟ್ಟಿರಲೇಬೇಕು. 2021ರ ನವೆಂಬರ್ ಮಳೆಗೆ ಎಷ್ಟೋ ಕೆರೆಗಳು ಕೋಡಿ ಹರಿದವು. ನೀರು ಬಂತು. ಆದರೆ ನೀರು ಬಂದ ಮಾತ್ರಕ್ಕೆ ಮೀನು ಹುಟ್ಟುವುದಿಲ್ಲ, ಬೀಜ ಉಳಿದಿರಬೇಕು.

ಇಲ್ಲಿ ನಮ್ಮ ಮನಸ್ಸಿನ ರೋಗವೊಂದನ್ನು ಗುರುತಿಸಬೇಕು. ಊರ ಕೆರೆ ಎಂದರೆ ಯಾರದ್ದೂ ಅಲ್ಲ. ನಾನು ಹಿಡಿಯದಿದ್ದರೆ ಇನ್ನೊಬ್ಬ ಹಿಡಿಯುತ್ತಾನೆ! ಸಂತ ತೋಮಸ್ ಅಕ್ವಿನಾಸರು ಹೇಳುವುದೇನು? ವಸ್ತುವನ್ನು ಸ್ವಂತದ್ದೆಂದು ಇಟ್ಟುಕೊಂಡು ನೋಡಿಕೊಳ್ಳಬಹುದು, ಆದರೆ ಬಳಸುವಾಗ ಎಲ್ಲರದ್ದೆಂದು ತಿಳಿದು ಕಷ್ಟದಲ್ಲಿರುವವನಿಗೆ ಹಂಚಲು ಸಿದ್ಧನಿರಬೇಕು. ನಾವು ಇದನ್ನು ತಲೆಕೆಳಗು ಮಾಡಿದ್ದೇವೆ. ಕೆರೆಯನ್ನು ನೋಡಿಕೊಳ್ಳುವಾಗ ಅದು ಸರ್ಕಾರದ್ದು, ಬಾಚಿಕೊಳ್ಳುವಾಗ ಸ್ವಂತದ್ದು.

ಮನೆಯ ಮಕ್ಕಳಿಗೆಂದು ಗಾಳ ಹಾಕಿ ನಾಲ್ಕು ಮೀನು ಒಯ್ಯುವ ಬಡವನನ್ನು ನಾನು ಬೈಯುತ್ತಿಲ್ಲ. ಅವನ ಹಸಿವನ್ನು ದೇವರು ಬಲ್ಲರು. ಆದರೆ ಗುತ್ತಿಗೆಯ ಕೊನೆಯ ವರ್ಷ ಗುಂಡಿಯ ನೀರನ್ನೂ ಪಂಪಿನಿಂದ ಬಸಿದು ಕಟ್ಟಕಡೆಯ ಮೀನನ್ನೂ ಬುಟ್ಟಿಗೆ ಹಾಕುವವನು ಅದೇ ಬಡವನ ನಾಳಿನ ಅನ್ನವನ್ನು ಕದಿಯುತ್ತಾನೆ. ಏಳನೆಯ ಕಟ್ಟಳೆ ಕೆರೆಯ ಏರಿಯ ಮೇಲೂ ಜಾರಿಯಲ್ಲಿದೆ.

ದೊಡ್ಡ ಸಮುದ್ರಕ್ಕೂ ಇದೇ ಪಾಠ. ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಲೆಕ್ಕದಂತೆ ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಸಿಕ್ಕಿದ್ದ ಬೂತಾಯಿ 2021ರಲ್ಲಿ ಸುಮಾರು 3,300 ಟನ್ನಿಗೆ ಇಳಿಯಿತು. ಕಡಲಿನ ಹವೆ ಬದಲಾದದ್ದೂ ಕಾರಣ, ಮರಿಗಳನ್ನು ಬಾಚಿದ್ದೂ ಕಾರಣ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಇದನ್ನು ಸಮುದ್ರದ ಸಬ್ಬತ್ತು ಎನ್ನಬಾರದೇ? ನಮ್ಮ ಕೆರೆಗಳಿಗೂ ಮಳೆಗಾಲದಲ್ಲಿ ಅಂಥ ವಿಶ್ರಾಂತಿ ಬೇಕು. ಜಗದ್ಗುರು ಫ್ರಾನ್ಸಿಸರು 2015ರ ‘ಲೌದಾತೋ ಸಿ’ ವಿಶ್ವಪತ್ರದಲ್ಲಿ ಅಂಕೆಯಿಲ್ಲದ ಮೀನುಗಾರಿಕೆಯಿಂದ ಜಾತಿಗಳು ಅಳಿಯುವುದನ್ನು ಹೆಸರಿಸಿಯೇ ಎಚ್ಚರಿಸಿದ್ದರು.

ತಪಸ್ಸು ಕಾಲದ ಶುಕ್ರವಾರ ನಾವು ಮಾಂಸ ಬಿಟ್ಟು ಮೀನು ತಿನ್ನುತ್ತೇವೆ. ಆ ತ್ಯಾಗಕ್ಕೆ ಇನ್ನೊಂದು ಹೆಜ್ಜೆ ಸೇರಿಸೋಣ. ಬೆರಳುದ್ದದ ಮರಿ ಅಗ್ಗಕ್ಕೆ ಸಿಕ್ಕರೂ ಕೊಳ್ಳದಿರೋಣ, ಕೊಳ್ಳುವವನಿಲ್ಲದಿದ್ದರೆ ಹಿಡಿಯುವವನಿಲ್ಲ. ಮಳೆಗಾಲದಲ್ಲಿ ಮೊಟ್ಟೆ ತುಂಬಿದ ಮೀನನ್ನು ಬಿಡೋಣ. ಕೆರೆ ಗುತ್ತಿಗೆಗೆ ಹೋಗುವಾಗ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳೋಣ: ಎಷ್ಟು ಮರಿ ಬಿಟ್ಟಿರಿ? ಬಲೆಯ ಕಣ್ಣು ಎಷ್ಟಗಲ? ಬೇಸಗೆಯಲ್ಲಿ ಒಂದು ಗುಂಡಿಯನ್ನಾದರೂ ಮುಟ್ಟದೆ ಬಿಡುವಿರಾ?

ತಿಬೇರಿಯ ಸರೋವರದಲ್ಲಿ ಶಿಷ್ಯರ ಬಲೆಗೆ 153 ದೊಡ್ಡ ಮೀನು ಬಿದ್ದವು (ಯೊವಾನ್ನ 21:11). ಮೀನಿನ ಜಾತಿಗಳು ಒಟ್ಟು 153 ಎಂಬುದು ಹಿಂದಿನ ಪಂಡಿತರ ಲೆಕ್ಕವೆಂದು ಸಂತ ಜೆರೋಮರು ಬರೆದಿದ್ದಾರೆ: ಎಲ್ಲ ಜಾತಿಯೂ ಒಂದೇ ಬಲೆಯಲ್ಲಿ, ಎಲ್ಲ ಜನಾಂಗವೂ ಒಂದೇ ಧರ್ಮಸಭೆಯಲ್ಲಿ. ನನಗೆ ಹಿಡಿಸುವುದು ಇನ್ನೂ ಸರಳವಾದ ಮಾತು. ಅಷ್ಟು ಸಂಭ್ರಮದ ಮುಂಜಾವಿನಲ್ಲೂ ಅವರು ಮೀನನ್ನು ಎಣಿಸಿದರು. ಕೊಟ್ಟವರು ಪ್ರಭು ಎಂದು ತಿಳಿದವನು ಲೆಕ್ಕ ಇಡುತ್ತಾನೆ. ನಾಳೆ ಆ ಲೆಕ್ಕವನ್ನು ಪ್ರಭು ನಮ್ಮನ್ನೂ ಕೇಳುತ್ತಾರೆ, ನಮ್ಮ ಮೊಮ್ಮಕ್ಕಳೂ ಕೇಳುತ್ತಾರೆ. ಅಂದು ತಲೆ ಎತ್ತಿ ಉತ್ತರ ಕೊಡುವ ಕೃಪೆಯನ್ನು ದೇವರು ನಮಗೆ ಕರುಣಿಸಲಿ.