ಜರಡಿ ಹಿಡಿದವರಿಗೆ ಕೆಲವು ಪ್ರಶ್ನೆಗಳು

ಪ್ರತಿಭೆಗೆ ಜಾತಿಯಿಲ್ಲ ಎನ್ನುತ್ತಾರೆ. ಒಪ್ಪೋಣ. ಆದರೆ ಪ್ರತಿಭೆಯನ್ನು ಹುಡುಕುವ ಕಣ್ಣಿಗೆ ಜಾತಿಯಿದೆ, ಕೇರಿಯಿದೆ, ಕಿಸೆಯಿದೆ. ಗೆಳೆಯರೇ, ನನ್ನ ಪ್ರಶ್ನೆ ಈ ಕಣ್ಣಿನ ಬಗ್ಗೆ.

ನವೋದಯ ಶಾಲೆಗಳು 1986ರ ರಾಷ್ಟ್ರೀಯ ಶಿಕ್ಷಣ ನೀತಿಯಿಂದ ಬೆಳೆದವು. ಹಳ್ಳಿಯ ಚುರುಕು ಮಕ್ಕಳಿಗೆ ಊಟ, ವಸತಿ, ಪುಸ್ತಕ, ಒಳ್ಳೆಯ ಪಾಠ ಸಿಗಲಿ ಎಂಬ ಆಸೆ ದೊಡ್ಡದು. ಅದನ್ನು ನಾನು ಹೀಗಳೆಯುವುದಿಲ್ಲ. ಆದರೆ ಜಿಲ್ಲೆಗೆ ಒಂದು ಶಾಲೆ, ಆರನೇ ತರಗತಿಗೆ ಹೆಚ್ಚೆಂದರೆ 80 ಸೀಟು. ದಾವಣಗೆರೆ, ಹರಿಹರ, ಜಗಳೂರು, ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಎಲ್ಲ ತಾಲೂಕುಗಳ ಮಕ್ಕಳೂ ಆ 80ರ ಬಾಗಿಲಲ್ಲೇ ನಿಲ್ಲಬೇಕು.

ಹಣವಿಲ್ಲ, ಸೀಟು ಕಮ್ಮಿ. ಇದು ಕಷ್ಟ, ಪಾಪವಲ್ಲ. ರೊಟ್ಟಿ ಒಂದೇ ಇದ್ದರೆ ಮುರಿದು ಹಂಚಬೇಕಾದ್ದೇ. ಪಾಪ ಶುರುವಾಗುವುದು ಬಾಗಿಲಿಗೆ ಬಂದವರಿಗಷ್ಟೇ ಹಂಚಿ, ‘ಊರಲ್ಲಿ ಹಸಿದವರು ಇಷ್ಟೇ ಮಂದಿ’ ಎಂದು ಲೆಕ್ಕ ಬರೆದಾಗ.

ಪರೀಕ್ಷೆಗೆ ಶುಲ್ಕವಿಲ್ಲ, ನಿಜ. ಆದರೆ ಅರ್ಜಿ ಹಾಕಿದವರಿಗಷ್ಟೇ ಪರೀಕ್ಷೆ. ಅರ್ಜಿ ಆನ್‌ಲೈನು. ಹೆಡ್‌ಮಾಸ್ತರ ಸಹಿ ಬೇಕು, ಫೋಟೋ ಬೇಕು, ಕೊನೇ ದಿನಾಂಕ ಗೊತ್ತಿರಬೇಕು. ಮಂಡಕ್ಕಿ ಭಟ್ಟಿಯ ಬಿಸಿಯಲ್ಲಿ ಬೇಯುವ ತಾಯಿಗೆ ಆ ದಿನಾಂಕ ಹೇಳೋರು ಯಾರು? 100 ಅಂಕಗಳಲ್ಲಿ 50 ಅಂಕ ಮಾನಸಿಕ ಸಾಮರ್ಥ್ಯಕ್ಕೆ. ಚಿತ್ರ, ಆಕೃತಿಗಳ 40 ಪ್ರಶ್ನೆ. ತರಬೇತಿಗೆ ದುಡ್ಡು ಕಟ್ಟಿದ ಮಗು ಅಂಥವನ್ನು ನೂರಾರು ಬಿಡಿಸಿ ಬಂದಿರುತ್ತದೆ. ನಮ್ಮ ಕೇರಿಯ ಮಗು ಪರೀಕ್ಷೆಯ ದಿನವೇ ಮೊದಲ ಸಲ ನೋಡುತ್ತದೆ. ಆಮೇಲೆ ಪಟ್ಟಿ ಅಂಟಿಸಿ ‘ಮೆರಿಟ್’ ಅಂತಾರೆ.

ಆವರಗೆರೆಯಂಥ ಊರಿನ ಪಾಡು ಇನ್ನೊಂದು ಬಗೆ. ಕನಿಷ್ಠ ನೂರಕ್ಕೆ 75 ಸೀಟು ಗ್ರಾಮೀಣ ಮಕ್ಕಳಿಗೆ ಎಂಬುದು ನಿಯಮ. ಮೂರು, ನಾಲ್ಕು, ಐದನೇ ತರಗತಿಗಳನ್ನು ಹಳ್ಳಿ ಶಾಲೆಯಲ್ಲೇ ಓದಿರಬೇಕು. ದಾವಣಗೆರೆ ಬೆಳೆಯಿತು, ಪಾಲಿಕೆಯ ಗೆರೆ ಊರನ್ನು ಒಳಗೆ ಹಾಕಿಕೊಂಡಿತು. ದನದ ಕೊಟ್ಟಿಗೆ ಹಂಗೇ ಐತಿ, ಕೂಲಿ ಹಂಗೇ ಐತಿ, ಆದರೆ ಗೆರೆಯೊಳಗಿನ ಶಾಲೆಯ ಮಗು ಕಾಗದದ ಮೇಲೆ ಪಟ್ಟಣದ್ದು. ಹೆಚ್ಚೆಂದರೆ ಉಳಿದ 20 ಸೀಟುಗಳಿಗೆ ಅದು ಎಲ್ಲರ ಜೊತೆ ಗುದ್ದಾಡಬೇಕು.

ಇದು ನಮ್ಮೊಬ್ಬರ ಕತೆಯಲ್ಲ. ಅಮೆರಿಕದ ಫ್ಲಾರಿಡಾದಲ್ಲಿ ಬ್ರೋವರ್ಡ್ ಎಂಬ ಶಾಲಾ ಜಿಲ್ಲೆಯಿದೆ. ಅಲ್ಲಿ ಮೇಷ್ಟ್ರು, ತಂದೆತಾಯಿ ಹೆಸರು ಹೇಳಿದ ಮಕ್ಕಳನ್ನಷ್ಟೇ ಪ್ರತಿಭಾವಂತರ ತರಗತಿಗೆ ಪರೀಕ್ಷಿಸುತ್ತಿದ್ದರು. 2005ರಿಂದ ಎರಡನೇ ತರಗತಿಯ ಎಲ್ಲ ಮಕ್ಕಳನ್ನೂ ಪರೀಕ್ಷಿಸತೊಡಗಿದರು. ಅರ್ಹತೆಯ ಅಳತೆ ಇಳಿಸಲಿಲ್ಲ. ಆದರೂ ಆಯ್ಕೆಯಾದ ಬಡ, ಕಪ್ಪು, ಹಿಸ್ಪಾನಿಕ್ ಮಕ್ಕಳ ಸಂಖ್ಯೆ ಬಹಳ ಏರಿತು. ಮುಂದೆ ಹಣದ ಮುಗ್ಗಟ್ಟು ಬಂತು, ಎಲ್ಲರ ಪರೀಕ್ಷೆ ನಿಂತಿತು, ಹಳೆಯ ಅಂತರ ಮತ್ತೆ ಬಾಯ್ತೆರೆಯಿತು. ಡೇವಿಡ್ ಕಾರ್ಡ್, ಲಾರಾ ಜೂಲಿಯಾನೊ ಎಂಬ ಅರ್ಥಶಾಸ್ತ್ರಜ್ಞರು 2016ರಲ್ಲಿ ಇದನ್ನು ದಾಖಲಿಸಿದರು. ಆ ಮಕ್ಕಳು ಮೊದಲೂ ಇದ್ದರು, ಆಮೇಲೂ ಇದ್ದರು. ನೋಡುವವರು ನಡುವೆ ಬಂದು ಹೋದರು, ಅಷ್ಟೆ.

‘ನಿಮ್ಮಲ್ಲೇ ಓದಿ ಮುಂದೆ ಬಂದವರು ಇಲ್ಲವೇನ್ರೀ?’ ಎಂದು ಕೇಳುವವರಿದ್ದಾರೆ. ಇದ್ದಾರೆ. 1913ರಲ್ಲಿ ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದಿಂದ ಬಾಬಾಸಾಹೇಬರು ಕೊಲಂಬಿಯಾಕ್ಕೆ ಹೋದರು. ಒಬ್ಬರು ಹೊಳೆ ದಾಟಿದ್ದು ಎಲ್ಲರಿಗೂ ದೋಣಿಯಿತ್ತು ಎಂಬುದಕ್ಕೆ ಸಾಕ್ಷಿಯಾಗುತ್ತದೆಯೇ? ಆರಿಸಿದವರನ್ನು ಕರೆದೊಯ್ದ ಮೇಲೆ ಊರ ಶಾಲೆಯಲ್ಲಿ ಉಳಿದವರ ಪಾಲಿಗೆ ಏನು? 81ನೇ ಮಗು ರಾತ್ರೋರಾತ್ರಿ ದಡ್ಡನಾಗುತ್ತದೆಯೇ?

ಬಡ ಬಜೆಟ್ಟಿನಲ್ಲೂ ಆಗುವ ಕೆಲಸಗಳಿವೆ. ಐದನೇ ತರಗತಿಯ ಪ್ರತಿ ಮಗುವಿಗೂ ಅರ್ಜಿಯ ಹಂಗಿಲ್ಲದೆ, ಅದರ ಶಾಲೆಯಲ್ಲೇ, ಶಾಲೆಯ ವೇಳೆಯಲ್ಲೇ ಪರೀಕ್ಷೆಯಾಗಲಿ. ಮಾದರಿ ಪ್ರಶ್ನೆಗಳನ್ನು ಎಲ್ಲರಿಗೂ ತರಗತಿಯಲ್ಲೇ ಕಲಿಸಲಿ. ಸೀಟು ಸಿಗದವರಿಗೆ ಊರ ಶಾಲೆಯಲ್ಲೇ ಪುಸ್ತಕ, ಪಾಠ ಹೇಳುವ ಮೇಷ್ಟ್ರು ಸಿಗಲಿ. ಅಲ್ಲಿಯತನಕ ಹಳ್ಳಿಯ ಮೇಷ್ಟ್ರುಗಳು ಅರ್ಜಿಯ ದಿನಾಂಕವನ್ನು ಕೇರಿಗೇ ಹೋಗಿ ಹೇಳಲಿ, ಕಾಲೇಜು ಗೆಳೆಯರು ಕೂತು ಫಾರಂ ತುಂಬಿಕೊಡಲಿ.

ಎಲ್ಲರನ್ನೂ ನೋಡಿ 80 ಮಂದಿಯನ್ನು ಆರಿಸಿದರೆ ಅದನ್ನು ಕೊರತೆ ಎನ್ನೋಣ, ಹೆಚ್ಚು ಸೀಟಿಗೆ ಬೀದಿಗಿಳಿಯೋಣ. ನೋಡದೇ ಆರಿಸಿದ್ದಕ್ಕೆ ಮೆರಿಟ್ ಎಂಬ ಹೆಸರು ಮಾತ್ರ ಬೇಡ.