ಗಾಂಜಾ ಪ್ರಕರಣಗಳಲ್ಲಿ ತೂಕ, ತಪ್ಪು ಮತ್ತು ಶಿಕ್ಷೆ

ಗಾಂಜಾ ಬೆಳೆಯುವುದು, ಇಟ್ಟುಕೊಳ್ಳುವುದು, ಸಾಗಿಸುವುದು, ಮಾರುವುದು ಭಾರತದಲ್ಲಿ 1985ರ ಎನ್‌ಡಿಪಿಎಸ್ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ ಅಪರಾಧ. ಗಾಂಜಾ ಇಟ್ಟುಕೊಂಡವರ ಶಿಕ್ಷೆಯನ್ನು ತಕ್ಕಡಿ ನಿರ್ಧರಿಸುತ್ತದೆ. ಸಿಕ್ಕ ಮಾಲು ಒಂದು ಕಿಲೋದೊಳಗಿದ್ದರೆ ಒಂದು ವರ್ಷದವರೆಗಿನ ಕಠಿಣ ಸಜೆ, ಇಲ್ಲವೇ 10,000 ರೂಪಾಯಿವರೆಗಿನ ದಂಡ, ಇಲ್ಲವೇ ಎರಡೂ. ಕಿಲೋ ದಾಟಿ 20 ಕಿಲೋವರೆಗೆ ಹತ್ತು ವರ್ಷದವರೆಗಿನ ಸಜೆ. 20 ಕಿಲೋ ಮೀರಿದರೆ ಅದು ‘ವಾಣಿಜ್ಯ ಪ್ರಮಾಣ’; ಆಗ ಸಜೆ ಹತ್ತು ವರ್ಷಕ್ಕಿಂತ ಕಡಿಮೆಯಾಗುವಂತಿಲ್ಲ, ಇಪ್ಪತ್ತರವರೆಗೂ ಹೋಗಬಹುದು, ಜೊತೆಗೆ ಕನಿಷ್ಠ ಒಂದು ಲಕ್ಷ ರೂಪಾಯಿ ದಂಡ. ಗಿಡ ಬೆಳೆದವರ ವಿಷಯದಲ್ಲಿ ಈ ಮೂರು ಹಂತಗಳೂ ಇಲ್ಲ. ಹಿತ್ತಲಿನ ಎರಡು ಗಿಡವಾಗಲಿ, ಎಕರೆಗಟ್ಟಲೆ ಬೆಳೆಯಾಗಲಿ, ಹತ್ತು ವರ್ಷದವರೆಗಿನ ಸಜೆಯ ಒಂದೇ ಉಪವಿಧಿ ಎರಡಕ್ಕೂ ಅನ್ವಯಿಸುತ್ತದೆ.

ಕಾಯ್ದೆ ಮೊದಲಿನಿಂದ ಹೀಗಿರಲಿಲ್ಲ. 1985ರ ಮೂಲ ರೂಪದಲ್ಲಿ ಗಾಂಜಾಕ್ಕೆ ಗರಿಷ್ಠ ಶಿಕ್ಷೆ ಐದು ವರ್ಷವಿತ್ತು. ಚರಸ್ಸಿಗೆ ಮಾತ್ರ ಹತ್ತು ವರ್ಷದ ಕನಿಷ್ಠ ಶಿಕ್ಷೆಯಿತ್ತು. ಶಿಕ್ಷೆಗಳನ್ನು ತರ್ಕಬದ್ಧಗೊಳಿಸುವುದಕ್ಕೆಂದೇ ಬಂದ 2001ರ ತಿದ್ದುಪಡಿ ತೂಕದ ಹಂತಗಳನ್ನು ತಂದಿತು. ಸಣ್ಣ ಪ್ರಕರಣಗಳಿಗೆ ಅದರಿಂದ ಉಪಕಾರವಾದದ್ದು ನಿಜ. ಆದರೆ ಮೇಲಿನ ಹಂತದಲ್ಲಿ ಗಾಂಜಾ ಹೆರಾಯಿನ್ನಿನ ಸಾಲಿಗೆ ಸೇರಿತು.

ಇಲ್ಲಿ ಹುಟ್ಟುವ ಪ್ರಶ್ನೆ ಕಾನೂನಿನದಷ್ಟೇ ಅಲ್ಲ, ನೀತಿಯದು ಕೂಡ. ಶಿಕ್ಷೆ ಯಾವುದರ ಪ್ರಮಾಣಕ್ಕೆ ತಕ್ಕಂತಿರಬೇಕು? ಸಿಕ್ಕ ವಸ್ತುವಿನ ಪ್ರಮಾಣಕ್ಕೋ, ಮಾಡಿದವರ ಉದ್ದೇಶಕ್ಕೋ, ಇತರರಿಗೆ ಆದ ಹಾನಿಗೋ?

ಕೌಟಿಲ್ಯನ ಅರ್ಥಶಾಸ್ತ್ರದ ಮೊದಲ ಅಧಿಕರಣದಲ್ಲೇ ಇದಕ್ಕೊಂದು ಉತ್ತರವಿದೆ. ದಂಡ ಅತಿ ಉಗ್ರವಾದರೆ ಜನ ರಾಜನಿಂದ ದೂರ ಸರಿಯುತ್ತಾರೆ, ಅತಿ ಮೃದುವಾದರೆ ಅವನನ್ನು ಲೆಕ್ಕಕ್ಕೆ ಇಡುವುದಿಲ್ಲ. ಅರ್ಹತೆಗೆ ತಕ್ಕ ದಂಡ ವಿಧಿಸುವವನಿಗೆ ಮಾತ್ರ ಗೌರವ. ಮಹಾಭಾರತದ ಶಾಂತಿಪರ್ವ ಇನ್ನೂ ಆಳಕ್ಕೆ ಹೋಗುತ್ತದೆ. ರಾಜ ದ್ಯುಮತ್ಸೇನನ ಆಜ್ಞೆಯಂತೆ ಕೆಲವರನ್ನು ವಧೆಗೆ ಒಯ್ಯುತ್ತಿರುವಾಗ ಮಗ ಸತ್ಯವಂತ ತಂದೆಯನ್ನು ತಡೆದು ವಾದಕ್ಕಿಳಿಯುತ್ತಾನೆ. ಒಬ್ಬ ಕಳ್ಳನನ್ನು ಕೊಂದರೆ ತಪ್ಪು ಮಾಡದ ಅವನ ತಾಯಿ, ತಂದೆ, ಹೆಂಡತಿ, ಮಕ್ಕಳನ್ನೂ ಕೊಂದಂತೆ, ಕೆಟ್ಟವನೂ ಒಳ್ಳೆಯವನಾಗಬಹುದು, ಆದ್ದರಿಂದ ಮನುಷ್ಯನನ್ನು ಬುಡಸಮೇತ ಕಿತ್ತು ಹಾಕದ ಶಿಕ್ಷೆ ಬೇಕು ಎಂಬುದು ಅವನ ವಾದ. ಹಿಂದೆ ಧಿಕ್ಕಾರವೇ ದಂಡವಾಗಿತ್ತು, ಆಮೇಲೆ ಬೈಗುಳ, ಆಮೇಲೆ ಜುಲ್ಮಾನೆ, ಈಗ ವಧೆ ಬಂದಿದೆ ಎನ್ನುತ್ತಾನೆ ದ್ಯುಮತ್ಸೇನ. ಜನ ಕೆಟ್ಟಷ್ಟೂ ದಂಡ ಬಿರುಸಾಗಬೇಕು ಎಂಬುದು ಅವನ ಪಟ್ಟು. ಮಾದಕ ವಸ್ತುಗಳ ಕುರಿತ ಇಂದಿನ ಚರ್ಚೆಯಲ್ಲೂ ಈ ಎರಡು ನಿಲುವುಗಳೇ ಎದುರುಬದುರಾಗಿ ನಿಂತಿವೆ.

ದ್ಯುಮತ್ಸೇನನ ಪಟ್ಟನ್ನು ಹಗುರವಾಗಿ ತಳ್ಳಿಹಾಕಲಾಗದು. ಹರೆಯದಲ್ಲೇ ಗಾಂಜಾಕ್ಕೆ ಬಿದ್ದ ಮಕ್ಕಳ ಓದು, ನೆನಪಿನ ಶಕ್ತಿ, ಮನಸ್ಸಿನ ಆರೋಗ್ಯ ಹಾಳಾಗುತ್ತವೆ. ಆ ಮನೆಗಳ ಸಂಕಟ ನಿಜವಾದದ್ದು. ಆದರೆ ಅಪರಾಧವನ್ನು ತಡೆಯುವುದು ಶಿಕ್ಷೆಯ ಕ್ರೌರ್ಯಕ್ಕಿಂತ ಹೆಚ್ಚಾಗಿ ಅದರ ಖಚಿತತೆ ಎಂದು ಇಟಲಿಯ ಚೆಸಾರೆ ಬೆಕ್ಕಾರಿಯ 1764ರಲ್ಲೇ ವಾದಿಸಿದ್ದ. ಹತ್ತು ವರ್ಷದ ಸಜೆ ಮಾಲಿನ ಒಡೆಯನ ಬದಲು ಕೂಲಿಗೆ ಚೀಲ ಹೊತ್ತವನಿಗೆ ತಗುಲುವುದಾದರೆ ಒಡೆಯನಿಗೆ ಯಾವ ಭಯವೂ ಹುಟ್ಟುವುದಿಲ್ಲ.

ತೂಕವನ್ನೇ ನೆಚ್ಚಿಕೊಂಡರೆ ಆಗುವ ತೊಡಕು ಗಿಡದ ವಿಷಯದಲ್ಲಿ ಎದ್ದು ಕಾಣುತ್ತದೆ. ಕಾಯ್ದೆಯ ವ್ಯಾಖ್ಯೆಯಲ್ಲಿ ಗಾಂಜಾ ಎಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿಗಳು ಮಾತ್ರ. ತುದಿ ಜೊತೆಗಿಲ್ಲದ ಎಲೆ, ಬೀಜ ಗಾಂಜಾ ಅಲ್ಲ. ಎಲೆಯಿಂದ ಮಾಡುವ ಭಂಗಿ ಈ ನಿಷೇಧದ ಹೊರಗೆ ಉಳಿದದ್ದು, ಉತ್ತರ ಭಾರತದ ಕೆಲವು ರಾಜ್ಯಗಳಲ್ಲಿ ಪರವಾನಗಿ ಅಂಗಡಿಗಳಲ್ಲೇ ಮಾರಾಟವಾಗುವುದು ಇದೇ ಕಾರಣಕ್ಕೆ. ಹೊಲದಿಂದ ಕಿತ್ತ ಹಸಿ ಗಿಡವನ್ನು ಬೇರು, ಕಾಂಡ, ಎಲೆ ಸಮೇತ ತೂಗಿದರೆ ಅಂಕಿ ಎಷ್ಟೋ ಪಟ್ಟು ಏರುತ್ತದೆ. ಕಾಂಡದ ತೇವ ಒಬ್ಬ ಮನುಷ್ಯನ ಆಯುಸ್ಸಿನ ವರ್ಷಗಳನ್ನು ಗೊತ್ತುಮಾಡುವುದು ಯಾವ ದಂಡನೀತಿಗೂ ಒಗ್ಗುವ ಮಾತಲ್ಲ.

ಉದ್ದೇಶದ ವಿಷಯದಲ್ಲಿ ಕಾಯ್ದೆ ಇನ್ನಷ್ಟು ಬಿಗಿ. ಸಾಮಾನ್ಯ ಅಪರಾಧಗಳಲ್ಲಿ ದುರುದ್ದೇಶವನ್ನು ಸಾಬೀತು ಮಾಡುವ ಹೊಣೆ ಸರ್ಕಾರದ್ದು. ಇಲ್ಲಿ 35ನೇ ಸೆಕ್ಷನ್ ದುರುದ್ದೇಶ ಇತ್ತೆಂದೇ ಊಹಿಸಿಕೊಳ್ಳುತ್ತದೆ. ಇರಲಿಲ್ಲವೆಂದು ಸಂಶಯಾತೀತವಾಗಿ ತೋರಿಸುವ ಭಾರ ಆರೋಪಿಯ ಹೆಗಲಿಗೆ ಬೀಳುತ್ತದೆ. ಒಬ್ಬ ರೈತ ಸಾಗುವಳಿ ಮಾಡಿದ ಜಮೀನಿನಲ್ಲಿ ಗಿಡ ಸಿಕ್ಕಿದರೆ, ಅದರ ಬಗ್ಗೆ ಅವನು ಸಮಾಧಾನಕರ ವಿವರಣೆ ಕೊಡದಿದ್ದಾಗ, 54ನೇ ಸೆಕ್ಷನ್ ಅವನ ವಿರುದ್ಧ ಊಹೆಗೆ ದಾರಿ ಮಾಡುತ್ತದೆ. ಮನಸ್ಸಿನೊಳಗೆ ಏನಿರಲಿಲ್ಲ ಎಂಬುದನ್ನು ಸಾಬೀತು ಮಾಡುವುದು ಓದುಬರಹ ಬಲ್ಲವರಿಗೂ ಕಷ್ಟ.

ಇನ್ನು ಧರ್ಮದ ಪ್ರಶ್ನೆ. ಶೈವ ಸಾಧುಗಳಲ್ಲಿ, ಉತ್ತರ ಕರ್ನಾಟಕದ ಆರೂಢ, ಅವಧೂತ ಪರಂಪರೆಗಳ ಕೆಲವರಲ್ಲಿ ಚಿಲುಮೆ ಸೇದುವ ರೂಢಿ ಹಳೆಯದು. 1893–94ರಲ್ಲಿ ಬ್ರಿಟಿಷ್ ಸರ್ಕಾರ ನೇಮಿಸಿದ ಇಂಡಿಯನ್ ಹೆಂಪ್ ಡ್ರಗ್ಸ್ ಆಯೋಗ ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ಕೇಳಿ, ಮಿತ ಬಳಕೆಯಿಂದ ಹೇಳಿಕೊಳ್ಳುವ ಹಾನಿ ಇಲ್ಲವೆಂದು ಕಂಡುಕೊಂಡು, ಪೂರ್ಣ ನಿಷೇಧ ಬೇಡವೆಂದಿತು. ಈ ಧಾರ್ಮಿಕ ಬಳಕೆಯನ್ನೂ ಅದು ಗಣನೆಗೆ ತೆಗೆದುಕೊಂಡಿತ್ತು. ಇಂದಿನ ಕಾಯ್ದೆಯಲ್ಲಿ ಗಾಂಜಾದ ಧಾರ್ಮಿಕ ಬಳಕೆಗೆ ವಿನಾಯಿತಿ ಇಲ್ಲ. ಹಾಗಾದರೆ ಭಕ್ತರಿಗಷ್ಟೇ ವಿನಾಯಿತಿ ಕೊಡುವುದು ಸರಿಯೇ? ದಕ್ಷಿಣ ಆಫ್ರಿಕಾದ ಅನುಭವ ಇಲ್ಲಿ ಉಪಯುಕ್ತ. ವಕೀಲನಾಗಬಯಸಿದ ರಾಸ್ತಫಾರಿ ಮತಸ್ಥ ಗ್ಯಾರೆತ್ ಪ್ರಿನ್ಸ್ ತನ್ನ ಧರ್ಮಾಚರಣೆಗೆ ವಿನಾಯಿತಿ ಕೇಳಿದಾಗ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ 2002ರಲ್ಲಿ 5–4 ಬಹುಮತದಿಂದ ಅದನ್ನು ನಿರಾಕರಿಸಿತು. 2018ರಲ್ಲಿ ಅದೇ ನ್ಯಾಯಾಲಯ, ವಯಸ್ಕರು ಖಾಸಗಿಯಾಗಿ ಸ್ವಂತಕ್ಕೆ ಬೆಳೆದು ಬಳಸುವುದು ಅಪರಾಧವಲ್ಲವೆಂದು ಒಮ್ಮತದಿಂದ ಹೇಳಿತು. ಆಗ ಆಧಾರವಾದದ್ದು ಖಾಸಗಿತನದ ಹಕ್ಕು, ಧರ್ಮವಲ್ಲ. ಇದೇ ಹೆಚ್ಚು ಗಟ್ಟಿಯಾದ ನೆಲೆ. ಯಾರ ಭಕ್ತಿ ನಿಜವೆಂದು ಪೊಲೀಸರು ಅಳೆಯಬೇಕಾದ ಪರಿಸ್ಥಿತಿ ಧರ್ಮಕ್ಕೂ ಒಳ್ಳೆಯದಲ್ಲ, ಸಮಾನತೆಗೂ ಒಳ್ಳೆಯದಲ್ಲ.

ಭಾರತದ ಕಾಯ್ದೆಗೆ ಮನುಷ್ಯನನ್ನು ನೋಡುವುದು ಗೊತ್ತೇ ಇಲ್ಲವೆಂದಲ್ಲ. ವ್ಯಸನಿ ತಾನಾಗಿ ಚಿಕಿತ್ಸೆಗೆ ಬಂದರೆ ಅಲ್ಪ ಪ್ರಮಾಣದ ಪ್ರಕರಣದಲ್ಲಿ 64ಎ ಸೆಕ್ಷನ್ ಅವನನ್ನು ವಿಚಾರಣೆಯಿಂದ ಕಾಪಾಡುತ್ತದೆ. 32ಬಿ ಸೆಕ್ಷನ್ ಪ್ರಕಾರ ಹಿಂಸೆ, ಆಯುಧ, ಮಕ್ಕಳ ಬಳಕೆ, ಸಂಘಟಿತ ಜಾಲದಂಥ ಅಂಶಗಳನ್ನು ನೋಡಿ ನ್ಯಾಯಾಲಯ ಕನಿಷ್ಠಕ್ಕಿಂತ ಹೆಚ್ಚಿನ ಶಿಕ್ಷೆ ಕೊಡಬಹುದು. ಕನಿಷ್ಠಕ್ಕಿಂತ ಕೆಳಗಿಳಿಯಲು ಅಂಥ ಪಟ್ಟಿಯಿಲ್ಲ. ಬಡತನ, ಒತ್ತಾಯ, ಕೂಲಿಯಾಳಿನ ಪಾತ್ರ, ಮೊದಲ ತಪ್ಪು, ಇವನ್ನೆಲ್ಲ ಕಣ್ಣಾರೆ ಕಂಡ ನ್ಯಾಯಾಧೀಶರೂ 20 ಕಿಲೋ ದಾಟಿದ ಪ್ರಕರಣದಲ್ಲಿ ಹತ್ತು ವರ್ಷ ಬರೆಯಲೇಬೇಕು. ಏರಲು ಕೊಟ್ಟ ವಿವೇಚನೆಯನ್ನು ಇಳಿಯಲೂ ಕೊಡುವ, ಬೆಳೆಗಾರರ ಶಿಕ್ಷೆಗೂ ಹಂತಗಳನ್ನು ತರುವ ತಿದ್ದುಪಡಿಯನ್ನು ಸಂಸತ್ತು ಮಾಡಬೇಕು.